ನುಣ್ಣನೆ ಗಲ್ಲದ ಗಿರಾಕಿ

ಆ ಮನುಷ್ಯನ ಗಲ್ಲದ ಮೇಲೆ ಕೆರೆಯುವುದಕ್ಕೆ ಒಂದು ಕೂದಲೂ ಉಳಿದಿರಲಿಲ್ಲ. ನಿನ್ನೆ ಶೇವ್ ಆಗಿತ್ತು. ಮೊನ್ನೆಯೂ ಆಗಿತ್ತು. ಆದರೂ ಬಂದ, ಮೂಲೆಯ ಕುರ್ಚಿಯಲ್ಲೇ ಕೂತ, ಕತ್ತು ಹಿಂದಕ್ಕೆ ಚಾಚಿದ.

"ಶೇವಿಂಗ್."

"ಎಲ್ಲಿಗೆ ಮಾಡ್ಲಿ ಸ್ವಾಮಿ? ಹಣೆಗಾ?" ಎಂದ ಕ್ಷೌರಿಕ.

"ನೊರೆ ಹಚ್ಚಿ. ನಿಧಾನಕ್ಕೆ ಮಾಡಿ. ನಂಗೇನು ಅವಸರ ಇಲ್ಲ."

ಕ್ಷೌರಿಕನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಅವಸರವಿಲ್ಲದ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಇವನೋ ಕಣ್ಣು ಮುಚ್ಚದೆ ಕನ್ನಡಿಯನ್ನೇ ನೋಡುತ್ತಾನೆ. ಆ ಕನ್ನಡಿಯಲ್ಲಿ ಇಡೀ ಅಂಗಡಿ ಕಾಣುತ್ತದೆ.

ಮೂಲೆಯ ಸ್ಟೂಲಿನ ಮೇಲೆ ಕೂತ ಕ್ಷೌರಿಕನ ಮಗಳೂ ಕಾಣುತ್ತಾಳೆ. ಹೋದ ವರ್ಷ ಶಾಲೆಯ ಕೊನೇ ಪರೀಕ್ಷೆಗೆಂದು ಗೇಟಿನವರೆಗೆ ಹೋಗಿ, ಅಲ್ಲೇ ನಿಂತು, ವಾಪಸು ಬಂದು ಮಲಗಿದ ಹುಡುಗಿ. ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆ ಬಾಚುವುದೂ ಬೇಡ, ಊಟವೂ ಬೇಡ. ಸೋಮಾರಿತನ ಎಂದರು ಚಿಕ್ಕಪ್ಪ. ಡಾಕ್ಟರಮ್ಮ ಖಿನ್ನತೆ ಎಂದರು. ಮಾತ್ರೆ ಬರೆದುಕೊಟ್ಟು, "ಒಬ್ಬಳೇ ಕೂತು ಓದೋದು ಬೇಡ. ಜನರ ಮಧ್ಯೆ ಕೂರಿಸಿ. ಓದಿದ್ದನ್ನ ಯಾರಿಗಾದ್ರೂ ಬಾಯ್ಬಿಟ್ಟು ಹೇಳ್ಲಿ" ಎಂದರು.

ಕ್ಷೌರಿಕನಿಗೆ ಜನಕ್ಕೇನು ಬರವೇ? ಗಂಟಲ ಮೇಲೆ ಬ್ಲೇಡು ಇರುವಾಗ ಯಾರೂ ಎದ್ದು ಹೋಗುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ. ಇಷ್ಟು ಶಿಸ್ತಿನ ತರಗತಿ ಯಾವ ಮೇಷ್ಟರಿಗೂ ಸಿಕ್ಕಿರಲಾರದು. ಮಗಳು ಬಾಚಣಿಗೆಯನ್ನು ಬೆತ್ತದಂತೆ ಹಿಡಿದಳು. ಕನ್ನಡಿಯ ಮೇಲೆ ನೊರೆಯಲ್ಲಿ ನಾಲ್ಕು ಕೋಣೆಯ ಹೃದಯದ ಚಿತ್ರ ಬರೆದಳು. ಕಟಿಂಗ್‌ಗೆ ಬಂದ ಬೇಕರಿಯವನು ತ್ರಿಕೋನದ ಪ್ರಮೇಯ ಹೊತ್ತು ಮನೆಗೆ ಹೋದ. ಅಂಚೆಯವನು ಒಂದು ಕಿವಿಯ ಮೇಲಿನ ಕೂದಲು ಕತ್ತರಿಸಿದ್ದೇ ಸಾಕು ಎಂದು ಓಡಿದ.

ನುಣ್ಣನೆ ಗಲ್ಲದವನು ಮಾತ್ರ ಓಡಲಿಲ್ಲ. ಮಗಳು ಅವನಿಗೆ ನೊರೆ ಮಾಮ ಎಂದು ಹೆಸರಿಟ್ಟಳು. ಅವನು ಅವಳನ್ನು ಟೀಚರಮ್ಮ ಎಂದ.

"ಪಾಪ, ಮಗು ಮೇಲೆ ಕನಿಕರ ಇರ್ಬೇಕು ಕಣ್ರೀ" ಎಂದಳು ಕ್ಷೌರಿಕನ ಹೆಂಡತಿ.

"ಕನಿಕರಕ್ಕೆ ಯಾರಾದ್ರೂ ದಿನಾ ಚರ್ಮ ಕೆರೆಸ್ಕೋತಾರೇನೇ? ನಿನ್ನೆ ಏನು ಕೇಳ್ದ ಗೊತ್ತಾ? 'ಯಾವ ಹೊತ್ತಲ್ಲಿ ಇಲ್ಲಿ ಗಲಾಟೆ ಕಮ್ಮಿ?' ಅಂತ. ಬೆರಳಿಗೆಲ್ಲ ಶಾಯಿ. ಎಲ್ಲೋ ಕೂತು ಲೆಕ್ಕ ಹಾಕ್ತಿದ್ದಾನೆ, ಕುರ್ಚಿಗೆಷ್ಟು, ಕನ್ನಡಿಗೆಷ್ಟು ಅಂತ. ಅಂಗಡಿ ಇಡ್ತಾನೆ ನೋಡ್ತಿರು."

ಒಂದು ದಿನ ಮಗಳಿಗೆ ಮಾತೇ ಹೊರಡಲಿಲ್ಲ. ಬಾಚಣಿಗೆ ಮಡಿಲಲ್ಲಿ ಬಿದ್ದಿತ್ತು. "ಇವತ್ತು ಆಗಲ್ಲಪ್ಪ" ಎಂದಳು. ಅವಳ ಕಣ್ಣು ಮತ್ತೆ ಗೋಡೆ ಹುಡುಕುತ್ತಿತ್ತು. ಕ್ಷೌರಿಕನ ಕೈಯಲ್ಲಿ ಬ್ರಷ್ ನಿಂತಿತು.

"ಪರವಾಗಿಲ್ಲ ಟೀಚರಮ್ಮ" ಎಂದ ನೊರೆ ಮಾಮ. "ನಾನೂ ಸುಮ್ನೆ ಕೂತಿರ್ತೀನಿ."

ಕೂತೇ ಇದ್ದ. ಮುಖದ ಮೇಲಿನ ನೊರೆ ಒಣಗಿ ಹಳೇ ಸುಣ್ಣದ ಗೋಡೆಯಂತೆ ಬಿರುಕು ಬಿಟ್ಟಿತು. ಮೂಗು ತುರಿಸಿರಬೇಕು, ಸೀನಿದ. ಒಂದು ದೊಡ್ಡ ತುಣುಕು ಹಾರಿ, ಹೋಗಿ ಹೋಗಿ ಕನ್ನಡಿಯ ಮೇಲಿನ ಹೃದಯಕ್ಕೇ ಅಂಟಿಕೊಂಡಿತು.

ಮಗಳ ಮೂಗಿನಿಂದ ನಗುವಿನಂಥದ್ದೇನೋ ಹೊರಬಂತು. "ಬಲ ಹೃತ್ಕರ್ಣ ಮುಚ್ಚಿಬಿಟ್ರಿ ಮಾಮ" ಎಂದಳು. ಆಮೇಲೆ ಎದ್ದು ಅದನ್ನು ಒರೆಸಿದಳು. ಆಮೇಲೆ ಪಾಠ.

ಆ ಸೀನಿಗಾಗಿ ಕ್ಷೌರಿಕ ಅವನ ಕಾಲು ಬೇಕಾದರೂ ಹಿಡಿಯುತ್ತಿದ್ದ. ಅನುಮಾನ ಮಾತ್ರ ಹೋಗಲಿಲ್ಲ. ಮಗಳ ಪರೀಕ್ಷೆ ಹತ್ತಿರವಾದಾಗ, ಅವಳಿಲ್ಲದ ಹೊತ್ತು ನೋಡಿ, ಬ್ಲೇಡು ಕೈಯಲ್ಲಿ ಹಿಡಿದೇ ಕೇಳಿಬಿಟ್ಟ.

"ಏನೋ ಹೊಸದಕ್ಕೆ ಕೈ ಹಾಕೋ ಹಾಗಿದೆ?"

ಅವನು ಬೆಚ್ಚಿದ. "ನಿಮಗೆ ಹೇಗೆ ಗೊತ್ತಾಯ್ತು? ಯಾರಿಗೂ ಹೇಳ್ಬೇಡಿ. ಮನೇಲೂ ಹೇಳಿಲ್ಲ. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ನಗ್ತಾರೆ. ಮೊದಲೇ ಎರಡು ಸಲ ಕೈ ಸುಟ್ಕೊಂಡಿದ್ದೀನಿ."

"ಎಲ್ಲಿ?"

"ಇಲ್ಲೇ. ಸ್ಕೂಲಲ್ಲಿ... ಆ ಕಡೆ."

ಸ್ಕೂಲ್ ಕಡೆ! ಅಲ್ಲಿ ಎಷ್ಟು ತಲೆ, ಎಷ್ಟು ಕೂದಲು! ಆ ರಾತ್ರಿ ಕ್ಷೌರಿಕನಿಗೆ ಊಟ ಸೇರಲಿಲ್ಲ.

ಪರೀಕ್ಷೆಯ ಬೆಳಗ್ಗೆ ಅಂಗಡಿಗೆ ಬಾಗಿಲು ಹಾಕಿ ಮಗಳ ಜೊತೆ ಹೊರಟ. ಅರ್ಧ ಮನಸ್ಸು ಅವಳ ಮೇಲೆ. ಇನ್ನರ್ಧ, ಹೊಸ ಅಂಗಡಿಯ ಬೋರ್ಡು ಎಲ್ಲಿ ನೇತಾಡುತ್ತಿದೆಯೋ ಎಂದು ಬೀದಿಯ ಉದ್ದಕ್ಕೂ ಹುಡುಕುತ್ತಿತ್ತು.

ಗೇಟಿನ ಮುಂದೆ, ಹೋದ ವರ್ಷ ನಿಂತಲ್ಲೇ, ಮಗಳು ನಿಂತಳು.

"ಅಪ್ಪ, ಕಾಲು ಬರ್ತಿಲ್ಲ."

ಬಯ್ಯಬಾರದು, ದೂಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. "ಬರೋವರೆಗೂ ನಿಂತಿರೋಣ ಕಂದ" ಎಂದ. "ನಂಗೂ ಅವಸರ ಇಲ್ಲ."

ಗಂಟೆ ಹೊಡೆಯಿತು. ಮಕ್ಕಳೆಲ್ಲ ಇವರನ್ನು ಬಳಸಿಕೊಂಡು ಒಳಗೆ ಓಡಿದರು. ಮಗಳ ಕೈ ಅಪ್ಪನ ಕೈಯೊಳಗೆ ತಣ್ಣಗಾಯಿತು. ಮುಖ ನಿಧಾನವಾಗಿ ಮನೆಯ ದಿಕ್ಕಿಗೆ ತಿರುಗತೊಡಗಿತು.

ಆಗಲೇ ಕ್ಷೌರಿಕನಿಗೆ ಅವನು ಕಂಡಿದ್ದು. ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ನುಣ್ಣನೆ ಗಲ್ಲದ ಮೇಲೆಲ್ಲ ಬೆವರು ಸುರಿಸುತ್ತಾ ನಿಂತಿದ್ದ. ಇಂಥ ದಿನವೇ ಜಾಗ ನೋಡಲು ಬಂದಿದ್ದಾನಲ್ಲ! ಕ್ಷೌರಿಕನ ಪಿತ್ತ ನೆತ್ತಿಗೇರಿತು.

"ಇಲ್ಲೇನಾ ಸ್ವಾಮಿ ನಿಮ್ಮ ಅಂಗಡಿ?"

"ಯಾವ ಅಂಗಡಿ?" ಎಂದು ಅವನು ತಿರುಗಿದ. ಕಂಕುಳಲ್ಲಿ ಪರೀಕ್ಷೆಯ ರಟ್ಟು. ಜೇಬಿನಲ್ಲಿ ಎರಡು ಪೆನ್ನು. ಕೈಯಲ್ಲಿ, ಅವನದೇ ಫೋಟೋ ಅಂಟಿಸಿದ ಹಾಲ್ ಟಿಕೆಟ್. "ಟೀಚರಮ್ಮ, ಬಲ ಹೃತ್ಕರ್ಣಕ್ಕೆ ಯಾವ ರಕ್ತ ಬರುತ್ತೆ? ಎಲ್ಲಾ ಮರ್ತೇ ಹೋಯ್ತು. ಈ ಸಲಾನೂ ಫೇಲೇ ನಾನು. ನಡೀರಿ, ಮನೆಗೆ ಹೋಗ್ಬಿಡೋಣ."

"ಆಮ್ಲಜನಕ ಇಲ್ದಿರೋ ರಕ್ತ! ಎಷ್ಟು ಸಲ ಹೇಳ್ಕೊಡ್ಬೇಕು ನಿಮಗೆ!" ಎಂದು ಗದರುತ್ತಾ ಮಗಳು ಅವನ ತೋಳು ಹಿಡಿದು, ದರದರನೆ ಎಳೆದುಕೊಂಡು ಗೇಟು ದಾಟಿಬಿಟ್ಟಳು.