ಗೋಲಿಗೆ ಬೆನ್ನು

ಹೊಸಪೇಟೆಯ ಮೈದಾನದಲ್ಲಿ ಕಂಪ್ಲಿ ತಂಡದ ವಿರುದ್ಧ ರೆಫರಿ ಪೆನಾಲ್ಟಿ ಕೊಟ್ಟ ಕೂಡಲೇ, ರೈಸ್ ಮಿಲ್ಲಿನ ದೊಡ್ಡಬಸಪ್ಪ ಗೋಲಿಗೆ ಬೆನ್ನು ಮಾಡಿ ಕುಳಿತ. ತನ್ನೂರು ಕಂಪ್ಲಿಯ ತಂಡ ಸೋಲುವುದನ್ನು ನೋಡುವಷ್ಟು ಗಟ್ಟಿ ಎದೆ ಅವನದಲ್ಲ. ಬೈಯುವುದಕ್ಕೆ ಬಾಯಿ ಮಾತ್ರ ಗಟ್ಟಿಯಿತ್ತು.

“ಇವನೂ ಒಬ್ಬ ಗೋಲ್‌ಕೀಪರ್ರೇನಲೇ ಓಬಳೇಶ? ಸಂಡೂರಾಗ ಫೈನಲ್ ಸೋತಾಗ ಕಾಲುವೆ ನೀರಿನ ಪಾಳಿ ನೆನಸ್ಕೊಂತ ನಿಂತಿದ್ದ. ಹೋದ ವರ್ಷ ಕಬ್ಬಿನ ಲಾರಿ ನೋಡ್ಕೊಂತ ಗೋಲು ಬಿಟ್ಟ. ಕೈ ಎತ್ತಾಕೂ ಸೋಮಾರಿ.” ಪಕ್ಕದಲ್ಲಿದ್ದ ಓಬಳೇಶ ಕಿಸಕ್ಕನೆ ನಕ್ಕ.

ಗೋಲಿನಲ್ಲಿ ನಿಂತಿದ್ದ ಹುಲುಗಪ್ಪನಿಗೆ ಎಲ್ಲವೂ ಕೇಳಿಸಿತು. “ಸಾವ್ಕಾರ್ರ, ಆ ಎರಡೂ ಗೋಲಿಗೆ ನೀವು ಹಿಂಗ ಬೆನ್ನು ಮಾಡಿ ಕುಂತಿದ್ರಿ. ಇವತ್ತರ ನೋಡಿ ಬೈರಿ.”

ಸುತ್ತಲಿನವರೆಲ್ಲ ತನ್ನನ್ನೇ ನೋಡತೊಡಗಿದಾಗ ದೊಡ್ಡಬಸಪ್ಪ ಗೊಣಗುತ್ತ ತಿರುಗಿದ. ಹುಲುಗಪ್ಪ ಬಲಕ್ಕೆ ಹಾರಿದ. ಚೆಂಡು ಅವನ ಬೆರಳಿಗೆ ತಾಗಿ, ಕಂಬಕ್ಕೆ ಬಡಿದು ಒಳಗೆ ಹೋಯಿತು. ಅವನು ಮೇಲೆದ್ದಾಗ ಮೊಣಕೈಯ ಹಳೆಯ ಗಾಯದ ಕಲೆಗಳ ಮೇಲೆಯೇ ಹೊಸ ರಕ್ತ ಒಸರುತ್ತಿತ್ತು.

“ಹ್ಯಾಂಗ ಬಿಟ್ಟ ನೋಡಿದ್ರೇನ್ರಿ?” ಓಬಳೇಶ ನಗಲು ಸಿದ್ಧನಾದ.

“ಸುಮ್ಕಿರಲೇ,” ಎಂದ ದೊಡ್ಡಬಸಪ್ಪ. “ಆಗೂ ಹಾರಿರಬೇಕು ಅವ.”