ಗೋಡೆ ಸುಮ್ಮನಾದ ಮೂರನೆಯ ದಿನ

ಕಣಿವೆಗೆ ಅಡ್ಡಲಾಗಿ ನಿಂತ ಹಿಮದ ಗೋಡೆ ಮೂರು ದಿನದಿಂದ ನರಳುವುದನ್ನು ನಿಲ್ಲಿಸಿತ್ತು. ಅದು ಸುಮ್ಮನಾದಾಗಲೆಲ್ಲ ಊರವರು ಹೋಳಿಗೆ ಮಾಡುವುದು ವಾಡಿಕೆ. ಮೊದಲ ಹೋಳಿಗೆಯನ್ನು ಗೋಡೆಗೆ ಎಡೆಯಿಡುವ ತನಕ ಯಾರೂ ತುತ್ತು ಮುಟ್ಟುವಂತಿಲ್ಲ.

ಆ ಮೌನದಲ್ಲಿ ನಿದ್ದೆ ಬಾರದೆ ಹೋದದ್ದು ಮಹಾನಂದಾಳಿಗೆ ಮಾತ್ರ. ಹೊಲಗಳಲ್ಲಿ ಬಿದ್ದಿರುವ ಮನೆಯಷ್ಟು ದೊಡ್ಡ ಬಂಡೆಗಳನ್ನು ಎಂದೋ ಒಂದು ದಿನದ ಪ್ರವಾಹ ಹೊತ್ತು ತಂದಿತೆಂದು ಅವಳು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿದ್ದಳು. ಪಂಡಿತರ ಸಭೆ ಏಳು ಸಲ ನಕ್ಕು ಕಳಿಸಿತ್ತು. ಗೋಡೆಯ ಹಿಂದಿನ ಸರೋವರ ತುಂಬಿ ಹಿಮವನ್ನು ನೆಲದಿಂದ ಎತ್ತಿದಾಗ ಉಜ್ಜುವ ಸದ್ದು ನಿಲ್ಲುತ್ತದೆ, ಆಮೇಲೆ ನೀರು ಬರುತ್ತದೆ ಎಂಬುದು ಅವಳ ಲೆಕ್ಕ.

“ಹುಲಿಗೆವ್ವ, ಎಲ್ಲಾರೂ ಗುಡ್ಡಕ್ಕ ಹೋಗೂಣು,” ಎಂದಳು.

ಒಲೆಯ ಮುಂದಿದ್ದ ಮುದುಕಿ ತಲೆಯೆತ್ತಲಿಲ್ಲ. “ಹೋದ ವರ್ಷ ಕುಂಟಿ ಆದ ನನ್ನನ್ನ ಮಂಚದ ಮ್ಯಾಲ ಹೊತ್ಕೊಂಡು ಹತ್ತಿದ್ರಿ. ಹನಿ ನೀರು ಬರ್ಲಿಲ್ಲ. ನಿನ್ನ ಮಾತು ಖರೆ ಆಗಾಕ ನಾವು ಮುಳುಗಬೇಕೇನು?”

“ಸುಳ್ಳಾಗ್ಲಿ ಅಂತನ ಬೇಡ್ಕೊಳ್ಳಾಕತ್ತೀನಿ.”

“ಹಂಗಾರ ಕುಂದ್ರು, ಉಂಡು ಹೋಗು.”

ಮುದುಕಿ ಮೊದಲ ಹೋಳಿಗೆಯನ್ನು ಗೋಡೆಯ ಎಡೆಗೆಂದು ತಟ್ಟೆಗಿಟ್ಟಳು. ಮಹಾನಂದಾ ಅದನ್ನು ಸೆರಗಿಗೆ ಕಟ್ಟಿಕೊಂಡು ಗುಡ್ಡದತ್ತ ಓಡಿದಳು.

“ಎಡಿ ಕದ್ದಾಳ, ಹಿಡೀರಿ ಆಕೀನ.”

“ಓದಿ ಓದಿ ತಲಿ ಕೆಟ್ಟೈತಿ.”

ಊರಿಗೆ ಊರೇ ಬೆನ್ನು ಹತ್ತಿತು. ಬೈಗುಳಗಳು ಏರು ಹತ್ತಿ ಬರುತ್ತಿದ್ದವು. ಅವಳು ತಿರುಗಿ ನೋಡದೆ ಒಂದೊಂದೇ ದನಿಯನ್ನು ಗುರುತಿಸಿಕೊಂಡಳು. ಕುಂಬಾರರ ಮನೆಯವರು ಬಂದರು, ಬಡಿಗೇರ ಸೊಸೆಯಂದಿರು ಕೂಸುಗಳನ್ನು ಎತ್ತಿಕೊಂಡೇ ಬಂದರು.

ಅವರು ನೆತ್ತಿ ಮುಟ್ಟಿದಾಗ ಗೋಡೆ ಬಿರಿದ ಸದ್ದು ಕೇಳಿತು. ಬೈಯುತ್ತಿದ್ದವರೆಲ್ಲ ಕಣಿವೆಯತ್ತ ತಿರುಗಿದರು. ಈ ಸಲ ಮಂಚ ಹೊರುವುದು ಯಾರಿಗೂ ನೆನಪಾಗಿರಲಿಲ್ಲ. ಕೆಳಗೆ ಹುಲಿಗೆವ್ವನ ಒಲೆಯ ಹೊಗೆ ಇನ್ನೂ ಏಳುತ್ತಿತ್ತು.