ತುಳಿಯುವ ಕಾಲು

"ಯಜಮಾನ್ರೇ, ಕಾಲು ಆಡಿಸ್ಬೇಡಿ, ಗೆರೆ ಕೆಡುತ್ತೆ," ಎಂದಳು ಪರೀಕ್ಷೆ ನಡೆಸುವ ಹುಡುಗಿ. ಹಾಡು ಕೇಳಿದಾಗ ಗಂಡಸರ ಮಿದುಳೂ ಹೆಂಗಸರ ಮಿದುಳೂ ಬೇರೆ ಬೇರೆ ಥರ ಮಿಡಿಯುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ಕೂತಿದ್ದ ದರ್ಜಿಯ ತಲೆತುಂಬ ವೈರು ಅಂಟಿಸಿದ್ದರು; ಮಿದುಳಿನ ಮಿಡಿತ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಕೋಣೆಯಲ್ಲಿ ಕೇಳುತ್ತಿದ್ದದ್ದು ತೀರಿಹೋದ ಮಗಳು ಹಾಡಿದ್ದ ಹಾಡು. ಹೆಂಡತಿಯೇ ಹುಡುಕಿ ತಂದದ್ದು. ತನ್ನ ಸರದಿಯಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅವನ ಮುಖ ಮಾತ್ರ ಇಸ್ತ್ರಿ ಮಾಡಿಟ್ಟ ಬಟ್ಟೆಯಂತಿತ್ತು.

"ಇವ್ರಿಗೆ ಏನೂ ಆಗಲ್ಲ ಬಿಡಮ್ಮ. ಮನೇಲಿ ಈ ಹಾಡು ಹಾಕಿದ್ರೆ ಸಾಕು, ಎದ್ದುಹೋಗಿ ಮಿಷನ್ ತುಳೀತಾ ಕೂರ್ತಾರೆ. ಮಗಳಿಗಾಗಿ ಅಳೋಳು ನಾನೊಬ್ಳೇ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

"ಹಾಗಿದ್ರೆ ಆ ಕಾಲಿಗೇನಾಗಿದೆ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಹೆಂಡತಿ ಬಗ್ಗಿ ನೋಡಿದಳು. ಬರಿಯ ನೆಲದ ಮೇಲೆ ಅವನ ಪಾದ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಎಂದು ತುಳಿಯುತ್ತಲೇ ಇತ್ತು. ಹಾಡು ಮುಗಿದಾಗ ಅದೂ ನಿಂತಿತು.

"ರೀ, ಮನೇಲಿ ಈ ಹಾಡು ಹಾಕಿದಾಗೆಲ್ಲ ಮಿಷನ್ ಮೇಲೆ ಏನು ಹೊಲೀತಿದ್ರಿ?"

"ಸೂಜಿಗೆ ದಾರಾನೇ ಪೋಣಿಸ್ತಿರ್ಲಿಲ್ಲ ಕಣೇ," ಎಂದ ಅವನು, ತಲೆ ಎತ್ತದೆ.

"ಅಯ್ಯೋ ನಿಮ್ಮ! ಬಾಯಿ ಬಿಟ್ಟು ಹೇಳೋಕೇನಾಗಿತ್ತು?" ಎಂದು ಬೈಯುತ್ತ ಅವನ ಮೊಣಕಾಲ ಮೇಲೆ ಕೈಯಿಟ್ಟವಳು, ಎಷ್ಟೋ ವರ್ಷಗಳ ಮೇಲೆ ಹಗುರಾಗಿ ಉಸಿರು ಬಿಟ್ಟಳು.